ಒಂಬತ್ತು ಪಾಠದ ಫ್ರೆಂಚು

ಪರಭಾಷೆ ಕಲಿಸುವ ಪುಸ್ತಕಗಳಲ್ಲಿ ಯಾರಿಗೂ ನೆಗಡಿ ಬರುವುದಿಲ್ಲ ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ. ಆ ಲೋಕದ ನಿವಾಸಿಗಳು ಸದಾ ಆರೋಗ್ಯವಂತರು, ಸುಶೀಲರು. ಬೆಳಗಾದರೆ ಪರಸ್ಪರ ಕುಶಲ ವಿಚಾರಿಸುತ್ತಾರೆ. ಎಲ್ಲರೂ ಕುಶಲವಾಗಿಯೇ ಇರುತ್ತಾರೆ. ತೋಟಗಾರನ ಲೇಖನಿ ಮೇಜಿನ ಮೇಲಿದೆ ಎಂದು ಒಬ್ಬನು ಹೇಳಿದರೆ, ತೋಟಗಾರನಿಗೇಕೆ ಲೇಖನಿ ಎಂದು ಇನ್ನೊಬ್ಬನು ಕೇಳುವುದಿಲ್ಲ. ಇಂಥ ಸಜ್ಜನರ ಸಹವಾಸದಲ್ಲಿ ನಾನು ಒಂದು ಬೇಸಿಗೆಯನ್ನು ಕಳೆದೆ.

ಆಗ ನಾನು ರೋಣದಲ್ಲಿ ಮಾಸ್ತರನಾಗಿದ್ದೆ. ಸಹೋದ್ಯೋಗಿಗಳೆಲ್ಲ ಹಿಂದಿ ಪರೀಕ್ಷೆಗೆ ಕೂತು ಒಬ್ಬರಾದ ಮೇಲೊಬ್ಬರು ಪಾಸಾಗುತ್ತಿದ್ದ ಕಾಲ. ನಾನು ಎರಡು ಸಲ ನಪಾಸಾಗಿ, ನಮ್ಮ ಭಾಗದಲ್ಲಿ ಪರೀಕ್ಷೆಯೇ ಇಲ್ಲದ ಭಾಷೆಯೊಂದನ್ನು ಹಿಡಿಯುವುದು ಕ್ಷೇಮವೆಂದು ನಿಶ್ಚಯಿಸಿ, ಹುಬ್ಬಳ್ಳಿಯ ಹಳೆಯ ಪುಸ್ತಕದ ಅಂಗಡಿಯಿಂದ ಇಂಗ್ಲಿಷಿನ ಮೂಲಕ ಫ್ರೆಂಚ್ ಕಲಿಸುವ ಪುಸ್ತಕವನ್ನು ತಂದೆ. ಮೂಗಿನಿಂದ ಉಚ್ಚರಿಸಬೇಕೆಂದು ಅದರಲ್ಲಿ ಸೂಚನೆಯಿತ್ತು. ನಾಲ್ಕು ದಿನ ನಾನು ಹಾಗೆ ಉಚ್ಚರಿಸಿದ್ದನ್ನು ಗೋಡೆಯಾಚೆಯಿಂದ ಕೇಳಿದ ಮನೆಯ ಮಾಲೀಕರ ಹೆಂಡತಿ ಐದನೆಯ ದಿನ ಶುಂಠಿ ಕಷಾಯ ತಂದಿಟ್ಟರು. ಕುಡಿದೆ.

ಫ್ರಾನ್ಸಿಗೆ ಹೋಗುವ ಉದ್ದೇಶವಿತ್ತೇ ಎಂದರೆ, ಇತ್ತು. ಪ್ಯಾರಿಸು ನಮಗೆ ವಾಯವ್ಯಕ್ಕಿದೆ. ಆ ದಿಕ್ಕಿನಲ್ಲಿ ನಾನು ಅತ್ಯಂತ ದೂರ ಹೋದದ್ದು ಹಿಂದೊಂದು ಮಳೆಗಾಲದಲ್ಲಿ, ಕೊಣ್ಣೂರಿನವರೆಗೆ. ಮಲಪ್ರಭೆ ಸೇತುವೆಯ ಕೆಳಗೆ ಹರಿಯುವ ಬದಲು ಮೇಲೆ ಹರಿಯುತ್ತಿದ್ದುದರಿಂದ ನರಗುಂದದ ಬಸ್ಸಿನಲ್ಲೇ ಹಿಂದಿರುಗಿದೆ. ಸಂತೆಯಲ್ಲಿ ನನ್ನನ್ನು ಕಂಡವರು, "ಏನ್ರಿ ಮಾಸ್ತರ, ಫ್ರಾನ್ಸ ಯಾವ ತಾಲೂಕಿಗೆ ಬರತೈತ್ರಿ?" ಎಂದು ವಿಚಾರಿಸುತ್ತಿದ್ದರು. ನಾನು ನಗುತ್ತಿದ್ದೆ. ನಗುವುದಕ್ಕೆ ವ್ಯಾಕರಣ ಬೇಕಾಗಿರಲಿಲ್ಲ.

ಪುಸ್ತಕದಲ್ಲಿ ನಲವತ್ತು ಪಾಠಗಳಿದ್ದವು. ಒಂಬತ್ತರಲ್ಲಿ ನಾನು ನಿಂತೆ. ಆದರೆ ಕೊನೆಯಲ್ಲಿ ಆ ಜನರ ನಡವಳಿಕೆಯ ಬಗ್ಗೆ ಇಂಗ್ಲಿಷಿನಲ್ಲೇ ಬರೆದ ಹತ್ತು ಪುಟಗಳಿದ್ದವು. ಅವನ್ನು ಪದೇ ಪದೇ ಓದಿದೆ. ಅವರು ರೊಟ್ಟಿಯನ್ನು ತಟ್ಟೆಯಲ್ಲಿಡದೆ ಮೇಜಿನ ಬಟ್ಟೆಯ ಮೇಲೆಯೇ ಇಡುತ್ತಾರೆ. ಭೇಟಿಯಾದಾಗ ಎರಡೂ ಕೆನ್ನೆಗೆ ಮುತ್ತು ಕೊಡುತ್ತಾರೆ. ಈ ಪುಟವನ್ನು ನಾನು ಬಾಗಿಲು ಮುಚ್ಚಿಕೊಂಡು ಓದಿದೆ. ಸಾವಿನ ಸುದ್ದಿ ಬರೆಯುವಾಗ ಕಾಗದದ ನಾಲ್ಕೂ ಅಂಚಿಗೆ ಕಪ್ಪು ಗೆರೆ ಹಾಕುತ್ತಾರೆ. ಇದಕ್ಕೆ ಒಂದು ಚಿತ್ರವೂ ಇತ್ತು.

ಒಂದು ರವಿವಾರ ಮುಂಜಾನೆ ಐವತ್ತು ದಾಟಿದ ಒಬ್ಬ ರೈತರು ನನ್ನ ಬಾಗಿಲಲ್ಲಿ ನಿಂತಿದ್ದರು. ಗಜೇಂದ್ರಗಡದ ಸಮೀಪದ ರಾಜೂರಿನ ಕಲ್ಲಪ್ಪ.

"ಫ್ರಾನ್ಸದ ಮಾಸ್ತರ ನೀವ ಏನ್ರಿ?"

ಹೌದೆನ್ನಲು ಸಂಕೋಚವಾಯಿತು. ಇಲ್ಲವೆನ್ನಲು ಇನ್ನೂ ಸಂಕೋಚವಾಯಿತು.

"ನಮ್ಮ ತಮ್ಮನ ಮಗಾ ಫಕೀರಪ್ಪ ಮುಂಬೈದಾಗ ಹಡಗದ ಕೆಲಸಕ್ಕ ಸೇರ್‍ಯಾನ್ರಿ. ಪರದೇಶದಿಂದ ಕಾಗದ ಬಂದೈತಿ. ಅವನ ಅಕ್ಷರ ಅಲ್ಲ. ಹಿಂದ ಫ್ರಾನ್ಸ ಅಂತ ಬರದೈತಂತ, ಟಪಾಲಿನವ ಓದಿ ಹೇಳಿದ." ಆಮೇಲೆ ಸೇರಿಸಿದರು: "ಅದಕ್ಕ ಒಂದ ಮೂಲಿ ಇಲ್ರಿ."

ಮುಂದೆ ಹೇಳಬೇಕಾದ್ದಿರಲಿಲ್ಲ. ನಮ್ಮ ಕಡೆ ಸಾವಿನ ಸುದ್ದಿಯ ಕಾಗದದ ಮೂಲೆಯನ್ನು ಹರಿದು ಕಳಿಸುತ್ತಾರೆ. ಅಂಥ ಕಾಗದವನ್ನು ಹೊಸ್ತಿಲೊಳಗೆ ತರುವುದಿಲ್ಲ. ಹೊರಗೇ ನಿಂತು ಓದಿ, ಅಲ್ಲೇ ಹರಿದೊಗೆದು, ಸ್ನಾನ ಮಾಡಿ ಒಳಗೆ ಹೋಗುತ್ತಾರೆ. ಫ್ರಾನ್ಸಿನಿಂದ ಬಂದ ಈ ಕಾಗದವನ್ನು ಊರಿನಲ್ಲಿ ಓದಬಲ್ಲವರಿರಲಿಲ್ಲ. ಓದದೆ ಹರಿಯುವಂತಿರಲಿಲ್ಲ, ಹರಿಯದೆ ಸ್ನಾನ ಮಾಡುವಂತಿರಲಿಲ್ಲ. ಆದ್ದರಿಂದ ಮೂರು ದಿನಗಳಿಂದ ಅದು ಮನೆಯ ಮುಂದಿನ ಕಟ್ಟೆಯ ಮೇಲೆ ಒಂದು ಕಲ್ಲಿನಡಿಯಲ್ಲಿತ್ತು. ಯಾರೂ ಮುಟ್ಟಿರಲಿಲ್ಲ.

ನಾವು ರಾಜೂರು ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಫಕೀರಪ್ಪನ ತಾಯಿ ನಿಂಗವ್ವ ಹೊಸ್ತಿಲ ಒಳಬದಿಗೆ ಕುಳಿತಿದ್ದಳು. ಅವನ ಹೆಂಡತಿ ಶಾಂತವ್ವ ಬಾಗಿಲ ಮರೆಯಲ್ಲಿದ್ದಳು. ನನಗೆ ಕಂಡದ್ದು ಚೌಕಟ್ಟನ್ನು ಹಿಡಿದಿದ್ದ ಒಂದು ಕೈ ಮತ್ತು ಅದರಲ್ಲಿನ ಹಸಿರು ಬಳೆಗಳು. ಓಣಿಯ ಜನ ಗೋಡೆಯ ನೆರಳಿಗೆ ನಿಂತಿದ್ದರು.

"ಲಗೂ ಓದ್ರಿ," ಎಂದರು ಕಲ್ಲಪ್ಪ. "ಮೂರ ದಿನಾ ಆತು. ಮಾಡೂದು ಮಾಡಿ ಮುಗಸಬೇಕು. ಬಳಿ ಒಡಸದ ಹಂಗ ಕುಂಡ್ರಿಸಿದ್ರ ಊರ ಮಂದಿ ಏನಂತಾರ?"

"ಊರ ಮಂದಿ ಬಾಯಿಗೆ ನನ್ನ ಸೊಸಿ ಕೈ ಕೊಡಬೇಕೇನ?" ಎಂದಳು ನಿಂಗವ್ವ, ದನಿ ಏರಿಸದೆ. "ಮಾಸ್ತರ ಓದೂತನಕ ಯಾರೂ ಆಕಿನ್ನ ಮುಟ್ಟಬ್ಯಾಡ್ರಿ."

ಕಲ್ಲನ್ನು ಸರಿಸಿ ಲಕೋಟೆಯನ್ನು ಒಡೆದೆ. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಕಾಗದದ ತಲೆಯಲ್ಲಿ ಒಂದು ದವಾಖಾನೆಯ ಹೆಸರು ಅಚ್ಚಾಗಿತ್ತು, ಆ ಶಬ್ದ ಇಂಗ್ಲಿಷನ್ನು ಹೋಲುತ್ತದೆ, ತಿಳಿಯಿತು, ತಿಳಿಯದಿದ್ದರೆ ಚೆನ್ನಾಗಿತ್ತು. ಕೆಳಗೆ ಹದಿನೆಂಟು ಸಾಲುಗಳು. ಅವುಗಳಲ್ಲಿ ನಾನು ಗುರುತಿಸಿದ ಶಬ್ದಗಳು ಏಳು: ತಾಯಿ, ಮಗ, ದಿನ, ಹಾಸಿಗೆ, ಒಳ್ಳೆಯ, ಸೂಪು, ಮತ್ತು. 'ಮತ್ತು' ಎಂಬುದು ಆರು ಸಲ ಬಂದಿತ್ತು; ಅದರಿಂದ ಪ್ರಯೋಜನವಾಗಲಿಲ್ಲ. 'ಒಳ್ಳೆಯ' ಎಂಬುದನ್ನು ಕಂಡು ಒಂದು ಗಳಿಗೆ ಧೈರ್ಯ ಬಂತು. ಆದರೆ ಸತ್ತವರನ್ನೂ ಒಳ್ಳೆಯವರೆನ್ನುವುದು ರೂಢಿ. ಉಳಿದದ್ದು ಸೂಪು. ಸಾವಿನ ಸುದ್ದಿ ಬರೆಯುವವರು ಸೂಪಿನ ಮಾತೆತ್ತುವುದಿಲ್ಲ ಎಂದುಕೊಂಡೆ. ಕೊನೆಯ ಸಲ ಅವನು ಕುಡಿದದ್ದು ಅದೇ ಇರಬಾರದೇಕೆ ಎಂದೂ ಅಂದುಕೊಂಡೆ.

ಆಮೇಲೆ ಕಾಗದದ ಅಂಚುಗಳನ್ನು ನೋಡಿದೆ. ನಾಲ್ಕೂ ಬೆಳ್ಳಗಿದ್ದವು. ಒಳಗಿನ ಕಾಗದಕ್ಕೆ ನಾಲ್ಕು ಮೂಲೆಗಳೂ ಇದ್ದವು. ಮೂಲೆಯಿಲ್ಲದ್ದು ಲಕೋಟೆಗೆ ಮಾತ್ರ. ಅದನ್ನೂ ಹರಿದಿರಲಿಲ್ಲ, ಸ್ಟಾಂಪು ಇರಬೇಕಾದ ಜಾಗದಲ್ಲಿ ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದರು. ಪರದೇಶದ ಸ್ಟಾಂಪು ಕೂಡಿಹಾಕುವ ಹವ್ಯಾಸಿಗಳು ದಾರಿಯಲ್ಲಿ ಎಲ್ಲಿ ಬೇಕಾದರೂ ಇರಬಹುದು.

"ಆ ದೇಶದಾಗ ಸಾವಿನ ಕಾಗದಕ್ಕ ಮೂಲಿ ಹರಿಯೂದಿಲ್ರಿ, ಸುತ್ತಲೂ ಕರಿ ಗೆರಿ ಹಾಕ್ತಾರ. ಇದಕ್ಕ ಗೆರಿ ಇಲ್ಲ," ಎಂದೆ.

ಕಲ್ಲಪ್ಪ ಯೋಚಿಸಿದರು. "ಕರಿ ಮಸಿ ತೀರಿತ್ತೋ ಏನೋ," ಎಂದರು.

ಅದು ತಳ್ಳಿಹಾಕುವ ಮಾತಾಗಿರಲಿಲ್ಲ. ಚೌಕಟ್ಟಿನ ಮೇಲಿನ ಕೈ ಅಲ್ಲಿಯೇ ಇತ್ತು. ನಾನು ಚಪ್ಪಲಿ ಬಿಟ್ಟೆ, ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ನಿಂಗವ್ವನ ಪಕ್ಕದಿಂದ ಹೊಸ್ತಿಲು ದಾಟಿ ಒಳಗೆ ಹೋದೆ.

ಓಣಿಯಲ್ಲಿ ಯಾರೋ "ಅಯ್ಯಯ್ಯ!" ಎಂದರು. ಕಲ್ಲಪ್ಪ, "ಮಾಸ್ತರ, ಏನ ಮಾಡಿದ್ರಿ!" ಎಂದು ಕೂಗಿದರು. ಅವನು ಬದುಕಿದ್ದಾನೆಂದು ನಾನು ಹೇಳಲಿಲ್ಲ; ಹಾಗೆ ಹೇಳುವಷ್ಟು ಫ್ರೆಂಚು ನನಗೆ ಬರುತ್ತಿರಲಿಲ್ಲ. ಆದರೆ ನನ್ನ ಕಾಲು ಹೇಳಿಯಾಗಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಇರಲಿಲ್ಲ. ನಿಂಗವ್ವ ಎದ್ದು ನೀರು ತಂದುಕೊಟ್ಟಳು. ಕುಡಿದೆ.

ಕಾಗದವನ್ನು ಪೂರ್ತಿ ಓದಿಸಿಕೊಂಡು ಬರುವೆನೆಂದು ಹೇಳಿ, ಮರುದಿನ ಹುಬ್ಬಳ್ಳಿಯ ದಾರಿ ಹಿಡಿದೆ. ಫ್ರೆಂಚು ಬಲ್ಲ ಒಬ್ಬ ಮುದಿ ಪಾದ್ರಿ ಅಲ್ಲಿದ್ದಾರೆಂದು ಪುಸ್ತಕದಂಗಡಿಯವನು ಹಿಂದೊಮ್ಮೆ ಹೇಳಿದ್ದ. ಬಸ್ಸಿನಲ್ಲಿ ಕುಳಿತು ಲೆಕ್ಕ ಹಾಕಿದೆ: ನಾನು ತಪ್ಪಿದ್ದರೆ, ಸತ್ತ ಮಗನನ್ನು ಆ ತಾಯಿಗೆ ಎರಡು ದಿನ ಬದುಕಿಸಿಕೊಟ್ಟು, ಮತ್ತೆ ನಾನೇ ಹೋಗಿ ಕಿತ್ತುಕೊಳ್ಳಬೇಕಾಗುತ್ತದೆ. ಒಂದು ಹವ್ಯಾಸದಿಂದ ಇಷ್ಟು ದೂರ ಬರಬಹುದೆಂದು ಪುಸ್ತಕದ ಮುನ್ನುಡಿಯಲ್ಲಿ ಬರೆದಿರಲಿಲ್ಲ.

ಪಾದ್ರಿಗಳು ಕನ್ನಡಕ ಒರೆಸಿಕೊಂಡರು, ಓದಿದರು, ಮತ್ತೆ ಒರೆಸಿಕೊಂಡರು. "ಬದುಕಿದ್ದಾನೆ," ಎಂದರು. ಹಡಗಿನ ಕಬ್ಬಿಣದ ಮೆಟ್ಟಿಲಿನಿಂದ ಬಿದ್ದು ತೊಡೆಯ ಎಲುಬು ಮುರಿದಿದೆ. ಬಲಗೈಗೂ ಪೆಟ್ಟಾಗಿದೆ, ಆದ್ದರಿಂದ ದವಾಖಾನೆಯ ಸನ್ಯಾಸಿನಿಯೊಬ್ಬಳು ಅವನ ಪರವಾಗಿ ಬರೆದಿದ್ದಾಳೆ. ಎರಡು ತಿಂಗಳಲ್ಲಿ ನಡೆದಾನು. ನಾನು ಚರ್ಚಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಅವರು ಹೇಳಿದ್ದನ್ನೆಲ್ಲ ಅಲ್ಲಿಯೇ ಕನ್ನಡದಲ್ಲಿ ಬರೆದುಕೊಂಡೆ.

ರಾಜೂರಿಗೆ ಮರಳಿ, ಪಾದ್ರಿಗಳು ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಶಾಂತವ್ವ ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. "ಗೆರಿ ಇಲ್ಲ ಅಂದಾಗ ನನಗೂ ಹಂಗ ಅನಿಸಿತ್ತು," ಎಂದರು ಕಲ್ಲಪ್ಪ. ನಿಂಗವ್ವನ ಕಣ್ಣು ಮಾತ್ರ ಒಣಗಿಯೇ ಇತ್ತು.

"ನಿಮಗ ಆ ದಿನಾ ಓದಾಕ ಬರಲಿಲ್ಲ, ಹೌದಿಲ್ರಿ?" ಎಂದಳು.

"ಇಲ್ಲವ್ವ."

"ಗೊತ್ತಾತು. ಇರಲಿ." ಆಮೇಲೆ ಕೇಳಿದಳು, "ಉಣ್ಣಾಕ ಏನ ಕೊಡ್ತಾರಂತ?"

"ಸೂಪು ಕೊಡ್ತಾರಂತ. ದಿನಾ ತಪ್ಪದ ಕುಡೀತಾನಂತ. ನಮ್ಮ ಸಾರು ಇದ್ದಂಗ."

"ರೊಟ್ಟಿ?"

"ಜ್ವಾಳ ಅಲ್ಲೆ ಸಿಗೂದಿಲ್ಲವ್ವ."

ಮೂಲೆಯಿಲ್ಲದ ಕಾಗದಕ್ಕೆ ಅಳದಿದ್ದವಳು ಆಗ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. "ಬರೇ ಸಾರಿನ ಮ್ಯಾಲೆ ಮನಶ್ಯಾ ಎಷ್ಟ ದಿನಾ ಬದಕ್ತಾನ್ರಿ?"

ಕಣ್ಣೊರೆಸಿಕೊಂಡು, ಕಟ್ಟೆಯ ಮೇಲೆ ನನ್ನೆದುರು ಕುಳಿತಳು. "ಬರೀರಿ ಮಾಸ್ತರ. ಕಾಗದ ಬರದ ಆ ತಾಯಿಗೆ ಮೊದಲ ಶರಣು ಹೇಳ್ರಿ. ಜ್ವಾಳದ ಹಿಟ್ಟು ಗಂಟು ಕಟ್ಟಿ ಕಳಸ್ತೀನಿ. ರೊಟ್ಟಿ ಹ್ಯಾಂಗ ಬಡೀಬೇಕು ಅಂತ ನಾ ಹೇಳ್ತೀನಿ, ಆಕಿಗೆ ತಿಳಿಯೂ ಹಂಗ ಬರೀರಿ. ಮೊದಲ ನೀರು ಕುದಿಬೇಕು."

ನೀರಿಗೆ ಫ್ರೆಂಚಿನಲ್ಲಿ ಏನೆನ್ನುತ್ತಾರೆಂಬುದು ನನಗೆ ಗೊತ್ತಿತ್ತು. ಅದನ್ನು ಬರೆದೆ.