ಮಾರಾಟವಾದ ಖಾಲಿ ಕುರ್ಚಿಗಳು

ತಾನು ಒರೆಸಿಕೊಡದ ಕುರ್ಚಿಯಲ್ಲಿ ಕೂತವರು ಆಟ ನೋಡಿದ ಹಾಗೇ ಅಲ್ಲ ಎಂದು ವರ್ನಾ ಹೊಲುಬ್ ನಂಬಿದ್ದಳು. ಹ್ಯಾಡನ್ ಊರಿನ ಪೇಟೆಯ ನಡುವೆ ಇರುವ ಬೇಸ್‌ಬಾಲ್ ಸ್ಟೇಡಿಯಂನಲ್ಲಿ ಮೂರನೆಯ ಬೇಸಿನ ಕಡೆಯ ಮೇಲಂತಸ್ತು ಅವಳದು. ಅವಳದು ಅಂದರೆ, ಜನರಿಗೆ ಕುರ್ಚಿ ತೋರಿಸುವ ಕೆಲಸ ಮಾತ್ರ ಅವಳದು. ಆದರೆ ಅವಳು ಅದನ್ನು ತವರಿಂದ ಬಂದ ಆಸ್ತಿಯ ಹಾಗೆ ನೋಡಿಕೊಳ್ಳುತ್ತಿದ್ದಳು. ಟಿಕೆಟ್ ಹಿಡಿದು ಬಂದವರ ಮುಂದೆ ತಾನೇ ಮೆಟ್ಟಿಲು ಹತ್ತಿ, ಉಣ್ಣೆಯ ಕೈಗವಸಿನಿಂದ ಕುರ್ಚಿಯ ಬೆನ್ನು, ತೋಳು, ತಳ ಎಲ್ಲವನ್ನೂ ಒರೆಸಿ, ‘ಈಗ ಕೂತ್ಕೊಳ್ಳಿ’ ಎನ್ನುತ್ತಿದ್ದಳು.

ಅವಳು ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಊರಿನ ಅರ್ಧ ಜನರನ್ನು ಅವರು ಚಿಕ್ಕವರಿದ್ದಾಗ ಬೈದಿದ್ದಳು, ದೊಡ್ಡವರಾದ ಮೇಲೂ ಆ ಹಕ್ಕನ್ನು ಬಿಟ್ಟುಕೊಟ್ಟಿರಲಿಲ್ಲ. ಮೀಸೆ ಬೆಳ್ಳಗಾದ ಪೊಲೀಸ್ ಅಧಿಕಾರಿಯೊಬ್ಬ ಆಟದ ನಡುವೆ ಎದ್ದು ನಿಂತರೆ, ‘ಟಾಡ್, ಕೂರು. ಹಿಂದಿನವರಿಗೆ ಕಾಣಲ್ಲ’ ಎಂದು ಹೇಳಿಸಿಕೊಳ್ಳಬೇಕಿತ್ತು. ಅವನು ಕೂರುತ್ತಿದ್ದ. ಗಂಡ ಎಮಿಲ್ ತೀರಿಕೊಂಡ ವರ್ಷವೇ ಈ ಕೆಲಸಕ್ಕೆ ಸೇರಿದಳು. ಮನೆಯಲ್ಲಿ ಬೈಯಲು ಯಾರೂ ಉಳಿದಿರಲಿಲ್ಲ ಎಂದು ಅವಳೇ ಹೇಳುತ್ತಿದ್ದಳು.

ಸ್ಟೇಡಿಯಂನ ಬಾಗಿಲಿಗೆ ಎದುರಾಗಿ ನನ್ನ ಅಂಗಡಿ. ಹುರಿದ ಕಡಲೆಕಾಯಿ, ಗೋಡಂಬಿ, ತಂಡದ ಟೋಪಿ. ತಂಡಕ್ಕೆ ಫೆರಿಮೆನ್, ಅಂದರೆ ದೋಣಿ ದಾಟಿಸುವವರು, ಎಂದು ಹೆಸರು. ನದಿಯಲ್ಲಿ ಕೊನೆಯ ದೋಣಿ ಓಡಿದ್ದನ್ನು ಕಂಡವರು ಯಾರೂ ಬದುಕಿಲ್ಲ, ಟೋಪಿಯ ಮೇಲೆ ಮಾತ್ರ ದೋಣಿ ಚೆನ್ನಾಗಿ ಓಡುತ್ತದೆ. ಅಂಗಡಿಯವನಿಗೆ ಆಟದ ಸೋಲು ಗೆಲುವು ಗೊತ್ತಾಗುವುದು ನಿಧಾನ. ಜನ ಬಂದರೋ ಇಲ್ಲವೋ ಎಂಬುದು ಮಾತ್ರ ಬಾಣಲೆ ಇಳಿಸುವ ಮೊದಲೇ ಗೊತ್ತಾಗುತ್ತದೆ.

ಜನ ಬರುವುದು ಕಡಿಮೆಯಾಗಿತ್ತು. ಯಾಕೆ ಎಂದು ಅಂಗಡಿಗೆ ಬಂದವರನ್ನೆಲ್ಲ ಕೇಳುತ್ತಿದ್ದೆ. ಕಾರು ನಿಲ್ಲಿಸುವ ದರ ಟಿಕೆಟ್ಟಿಗಿಂತ ಹೆಚ್ಚಾಗಿದೆ ಎಂದ ಒಬ್ಬ. ಅವನ ಮನೆ ಇಲ್ಲಿಂದ ನಾಲ್ಕು ಬೀದಿ ಆಚೆ. ಒಳ್ಳೆಯ ಆಟಗಾರನ ಹೆಸರು ಬಾಯಿಗೆ ಬರುವಷ್ಟರಲ್ಲಿ ಅವನನ್ನು ದೊಡ್ಡ ಊರಿನ ತಂಡ ಕರೆದುಕೊಂಡು ಹೋಗುತ್ತದೆ ಎಂದ ಇನ್ನೊಬ್ಬ. ಅದು ನಿಜ, ಆದರೆ ಅವನ ತಾತನ ಕಾಲದಿಂದಲೂ ನಿಜ. ಪೇಟೆಯ ಕಚೇರಿಗಳ ಜನ ಮನೆಯಲ್ಲೇ ಕೂತು ಕೆಲಸ ಮಾಡುವುದನ್ನು ಕಲಿತ ಮೇಲೆ, ಸಂಜೆ ಐದಕ್ಕೆ ಬೀದಿಗೆ ಇಳಿಯುವ ಟೈ ಕಟ್ಟಿದ ಗುಂಪೇ ಇಲ್ಲವಾಯಿತು. ಒಳಗೆ ಏನು ಒಯ್ಯುವುದಿದ್ದರೂ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲೇ ಒಯ್ಯಬೇಕು ಎಂಬ ನಿಯಮ ಬಂತು. ತನ್ನ ಚೀಲದಲ್ಲಿ ಏನಿದೆ ಎಂದು ಊರಿಗೆಲ್ಲ ತೋರಿಸಿಕೊಂಡು ನಡೆಯುವುದಕ್ಕೆ ತಾನೇನು ಗಾಜಿನ ಮೀನಿನ ತೊಟ್ಟಿಯೇ ಎಂದು ಬೌಲಿಂಗ್ ಕ್ಲಬ್ಬಿನ ಬರ್ನೀಸ್ ಸ್ಕಾಲಾ ಕೇಳಿದಳು. ಬಾರದವರಿಗೆಲ್ಲ ಒಂದೊಂದು ಕಾರಣವಿತ್ತು. ಬರಲು ಮನಸ್ಸಿಲ್ಲ ಎಂದವರು ಒಬ್ಬರೂ ಇಲ್ಲ.

ಹೀಗಿರುವಾಗ ಪತ್ರಿಕೆಯಲ್ಲಿ ಸುದ್ದಿ ಬಂತು. ತಂಡದ ಮಾಲೀಕರು ಬೇರೆ ರಾಜ್ಯದಲ್ಲಿರುವ ಹಣವಂತರ ಒಂದು ಕೂಟ. ಈ ಬೇಸಿಗೆಯಲ್ಲಿ ಟಿಕೆಟ್ ಮಾರಾಟ ಏರದಿದ್ದರೆ ತಂಡಕ್ಕೆ ಬೇರೆ ಊರು ಹುಡುಕಬೇಕಾದೀತು ಎಂದು ಅವರು ಬಹಳ ದುಃಖದಿಂದ ತಿಳಿಸಿದ್ದರು.

ವರ್ನಾ ಪತ್ರಿಕೆಯನ್ನು ನನ್ನ ಗಲ್ಲಾಪೆಟ್ಟಿಗೆಯ ಮೇಲೆ ಹರವಿ, ಆ ಸಾಲಿನ ಮೇಲೆ ಬೆರಳಿಟ್ಟಳು. ತಂಡ ಹೋದರೆ ಸ್ಟೇಡಿಯಂ ಹೋಯಿತು, ಸ್ಟೇಡಿಯಂ ಹೋದರೆ ತನ್ನ ಮೇಲಂತಸ್ತು ಹೋಯಿತು, ಆಮೇಲೆ ಅಡುಗೆಮನೆಯ ಮೇಜಿನ ಮುಂದೆ ಒಂದು ಕುರ್ಚಿಯಲ್ಲಿ ಕೂತು ಉಳಿದ ಮೂರು ಖಾಲಿ ಕುರ್ಚಿಗಳನ್ನು ನೋಡುತ್ತಿರಬೇಕು ಎಂದಳು. ನಗಲಿಲ್ಲ. ಆಮೇಲೆ ಕೇಳಿದ್ದು ಒಂದೇ ಮಾತು, ‘ಈ ಊರಿಗೆ ಟಿಕೆಟ್ ಮಾರೋದು ಏನು ಕಷ್ಟ ಹೇಳು?’

ಕಷ್ಟವಿರಲಿಲ್ಲ. ಹ್ಯಾಡನ್‌ನ ಜನ ಒಳ್ಳೆಯ ಕೆಲಸಕ್ಕೆ ಎಂದರೆ ಯಾವ ಟಿಕೆಟ್ಟನ್ನಾದರೂ ಕೊಳ್ಳುತ್ತಾರೆ. ಅಗ್ನಿಶಾಮಕ ದಳದ ಕೋಳಿ ಊಟ, ಚರ್ಚಿನ ಶುಕ್ರವಾರದ ಮೀನೂಟ, ಹೈಸ್ಕೂಲ್ ಬ್ಯಾಂಡಿನ ಕಛೇರಿ, ಯಾವುದಕ್ಕೂ ಇಲ್ಲ ಎನ್ನುವುದಿಲ್ಲ. ಕೊಂಡು ತಂದು ಫ್ರಿಜ್ಜಿನ ಬಾಗಿಲಿಗೆ ಆಯಸ್ಕಾಂತದ ಗುಂಡಿಯಿಂದ ಸಿಕ್ಕಿಸಿದರೆ ಪುಣ್ಯ ಮುಗಿಯಿತು. ಹೋಗಬೇಕು ಎಂದು ಯಾರೂ ನಿರೀಕ್ಷಿಸುವುದಿಲ್ಲ. ಹೋದರೆ ಊಟ ಬಡಿಸುವವರೇ ತುಸು ಗಾಬರಿಯಾಗುತ್ತಾರೆ.

ವರ್ನಾ ಇದೇ ದಾರಿ ಹಿಡಿದಳು. ಬೌಲಿಂಗ್ ಕ್ಲಬ್ಬು, ಮಾಜಿ ಸೈನಿಕರ ಮನೆ, ಬಸ್ ಚಾಲಕರ ಸಂಘ, ಎರಡು ಚರ್ಚು. ಇಡೀ ಬೇಸಿಗೆಯ ಎಲ್ಲ ಆಟಗಳ ಟಿಕೆಟ್ಟುಗಳನ್ನು ಕಟ್ಟು ಕಟ್ಟಾಗಿ ಮಾರಿದಳು. ಫೋನಿನೊಳಗಿನ ಟಿಕೆಟ್ಟು ಫ್ರಿಜ್ಜಿಗೆ ಅಂಟುವುದಿಲ್ಲವಾದ್ದರಿಂದ ತಂಡದ ಕಚೇರಿಗೆ ಹೋಗಿ ಜಗಳವಾಡಿ ದಪ್ಪ ಕಾಗದದಲ್ಲಿ ಅಚ್ಚು ಹಾಕಿಸಿದಳು. ಬರ್ನೀಸ್ ತನಗೆ ಮೊಣಕಾಲು ನೋವು, ಮೆಟ್ಟಿಲು ಹತ್ತುವುದಕ್ಕಾಗದು ಎಂದು ರಾಗ ಎಳೆದಾಗ ನಾನು ಪಕ್ಕದಲ್ಲೇ ಇದ್ದೆ.

‘ಬರಬೇಡ ಮಾರಾಯ್ತಿ, ಯಾರು ಬಾ ಅಂದರು?’ ಎಂದಳು ವರ್ನಾ. ‘ತಗೋ, ಸಾಕು.’

ಬರ್ನೀಸ್ ಸಮಾಧಾನದಿಂದ ಎರಡು ಕಟ್ಟು ತೆಗೆದುಕೊಂಡಳು.

ಅವಳು ಹೋದ ಮೇಲೆ ನಾನು ಹೇಳಿದೆ, ‘ವರ್ನಾ, ಟಿಕೆಟ್ಟು ಕಡಲೆಕಾಯಿ ತಿನ್ನಲ್ಲ.’

‘ನಿನಗೆ ಊರಿಗಿಂತ ನಿನ್ನ ಬಾಣಲೆನೇ ದೊಡ್ಡದು ಸಾರ್ಕಿಸ್.’

‘ಹೌದು. ಬಾಣಲೆ ನನ್ನದು.’

ಬೇಸಿಗೆ ಶುರುವಾಯಿತು. ಆಟದ ಒಂಬತ್ತು ಇನ್ನಿಂಗ್ಸಿನಲ್ಲಿ ಏಳನೆಯದರ ನಡುವೆ ಎಲ್ಲರೂ ಎದ್ದು ಮೈಮುರಿಯುವ ಹೊತ್ತಿಗೆ, ಆ ದಿನದ ಪ್ರೇಕ್ಷಕರು ಎಷ್ಟು ಎಂದು ದೊಡ್ಡ ಫಲಕದ ಮೇಲೆ ಸಂಖ್ಯೆ ಬರುತ್ತದೆ. ಅದು ಮಾರಿದ ಟಿಕೆಟ್ಟುಗಳ ಲೆಕ್ಕವೇ ಹೊರತು ಬಂದ ತಲೆಗಳದಲ್ಲ. ಎಲ್ಲ ಸ್ಟೇಡಿಯಂಗಳಲ್ಲೂ ಪದ್ಧತಿ ಹಾಗೇ. ಆ ವರ್ಷ ನಮ್ಮ ಸಂಖ್ಯೆ ಜಾತ್ರೆಯ ಸಂಖ್ಯೆಯಂತಿತ್ತು, ಕಣ್ಣಿಗೆ ಕಾಣುತ್ತಿದ್ದವರು ಹಲ್ಲುವೈದ್ಯನ ಹೊರಕೋಣೆಯಲ್ಲಿ ಕೂತವರಷ್ಟು. ವರ್ನಾಳ ಮೇಲಂತಸ್ತಿಗೆ ತಪ್ಪದೆ ಬರುತ್ತಿದ್ದ ಮುದುಕ ಆಸಿ ಟ್ರಂಬುಲ್ ಫಲಕ ನೋಡಿ, ಮಿಕ್ಕವರೆಲ್ಲ ಒಟ್ಟಿಗೆ ಕಕ್ಕಸಿಗೆ ಹೋಗಿರಬೇಕು, ಪಾಪ, ಏನು ತಿಂದರೋ ಎಂದ. ಅಕ್ಕಪಕ್ಕದ ಹತ್ತು ಜನ ನಕ್ಕರು. ವರ್ನಾಳೂ ನಕ್ಕಳು. ಸಂಖ್ಯೆ ದೊಡ್ಡದಿತ್ತು, ಅವಳಿಗೆ ಅಷ್ಟು ಸಾಕಿತ್ತು. ಹಾಗೆಂದು ಕುರ್ಚಿ ಒರೆಸುವುದನ್ನು ಬಿಡಲಿಲ್ಲ. ಯಾರೂ ಬಾರದ ಸಾಲುಗಳನ್ನೂ ಒರೆಸುತ್ತಿದ್ದಳು. ಮಾರಾಟವಾದ ಕುರ್ಚಿ, ಒಡೆಯರು ಯಾವಾಗ ಬೇಕಾದರೂ ಬಂದಾರು ಎನ್ನುತ್ತಿದ್ದಳು.

ಜೂನ್ ಮುಗಿಯುವ ಹೊತ್ತಿಗೆ ತಂಡದ ವ್ಯವಸ್ಥಾಪಕ ಡೇಲ್ ಪ್ರಾಸರ್ ಮೇಲಂತಸ್ತಿಗೆ ಹಗ್ಗ ಕಟ್ಟಿಸಿ ಮುಚ್ಚಿಸಿದ. ಅವನು ಮಾತಿನಲ್ಲಿ ಬಲು ಮೃದು; ಯಾರ ಕೆಲಸ ಕಸಿದುಕೊಂಡರೂ ಅವರಿಂದಲೇ ಥ್ಯಾಂಕ್ಸ್ ಹೇಳಿಸಿಕೊಳ್ಳಬಲ್ಲವನು. ಮಾರಿದ ಟಿಕೆಟ್ ನೋಡಿ ಕೆಲಸದವರನ್ನು ಇಡುವುದಿಲ್ಲ, ಬಾಗಿಲು ದಾಟಿದ ತಲೆ ನೋಡಿ ಇಡುತ್ತಾರೆ ಎಂದು ವಿವರಿಸಿದ. ಮೇಲೆ ಬರುವ ಹತ್ತು ಜನರನ್ನು ಕೆಳಗೆ ಕೂರಿಸಿದರಾಯಿತು. ವರ್ನಾಳನ್ನು ಬಿಡಲು ತನಗೆ ಮನಸ್ಸಿಲ್ಲ, ಬಾಗಿಲಲ್ಲಿ ಚೀಲ ನೋಡುವ ಮೇಜಿನ ಮುಂದೆ ನಿಂತರೆ ಸಾಕು.

ಅವಳೇ ಮಾರಿ ತುಂಬಿಸಿದ ಅಂತಸ್ತಿನಿಂದ ಅವಳನ್ನು ಇಳಿಸಿದ್ದು ಹೀಗೆ. ತಂಡ ಊರಲ್ಲಿ ಉಳಿಯುವುದಾದರೆ ಬಾಗಿಲೇನು ಮೆಟ್ಟಿಲೇನು ಎಂದು ನನ್ನೆದುರು ಜಂಬ ಕೊಚ್ಚಿದಳು.

ಅವಳು ಬಾಗಿಲಿಗೆ ಬಂದ ಮೊದಲ ವಾರವೇ ಆಸಿ ಟ್ರಂಬುಲ್ ನನ್ನ ಅಂಗಡಿಯ ಕಾಗದದ ಪೊಟ್ಟಣ ಹಿಡಿದು ಬಂದ. ಹಿಂದೆ ಎಲ್ಲರೂ ಹೊರಗೆ ಕಡಲೆಕಾಯಿ ಕೊಂಡೇ ಒಳಗೆ ಹೋಗುತ್ತಿದ್ದರು. ಆ ವರ್ಷ ಹೊರಗಿನ ತಿಂಡಿ ನಿಷೇಧವಾಗಿತ್ತು. ವರ್ನಾಳಿಗಿಂತ ಮೊದಲು ಬಾಗಿಲಲ್ಲಿದ್ದ ಹಳಬ ಆಸಿಯ ಜೇಬಿನ ಕಡೆ ನೋಡದೆ ಆಕಾಶದ ಕಡೆ ನೋಡುತ್ತಿದ್ದ. ವರ್ನಾಳಿಗೆ ಆಕಾಶ ನೋಡಿ ಅಭ್ಯಾಸವಿಲ್ಲ.

‘ಆಸಿ, ಅದನ್ನ ಹಾಕು ಇಲ್ಲಿ.’ ಕಸದ ಡಬ್ಬಿ ತೋರಿಸಿದಳು.

‘ಬಿಸಿ ಇದೆಯಲ್ಲೇ ಇನ್ನೂ.’

‘ನಿಯಮ ನಂದಲ್ಲ. ಒಬ್ಬನಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕು.’

‘ಎಲ್ಲರೂ ಅಂದರೆ ಯಾರು? ಹಿಂದೆ ನೋಡು, ಇಲ್ಲಿರೋನು ನಾನೊಬ್ಬನೇ.’

ಅವಳು ಡಬ್ಬಿಯನ್ನು ಇನ್ನಷ್ಟು ಮುಂದಕ್ಕೆ ತಳ್ಳಿದಳು. ಆಸಿ ಪೊಟ್ಟಣವನ್ನು ಎಸೆಯಲಿಲ್ಲ. ರಸ್ತೆ ದಾಟಿ ಬಂದು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು, ಒಳಗಿನ ಕೂಗು ಕೇಳುತ್ತ ನಿಧಾನವಾಗಿ ಅಷ್ಟೂ ತಿಂದ. ಸಿಪ್ಪೆಯನ್ನು ಮಡಿಲಲ್ಲೇ ಕೂಡಿಸಿಕೊಂಡು ಡಬ್ಬಿಗೆ ಹಾಕಿ ಮನೆಗೆ ಹೋದ. ಆ ಬೇಸಿಗೆಯಲ್ಲಿ ಮತ್ತೆ ಬರಲಿಲ್ಲ. ಫಲಕದ ಸಂಖ್ಯೆಯಲ್ಲಿ ಅವನು ದಿನವೂ ಹಾಜರಿದ್ದ.

ಆಗಸ್ಟಿನಲ್ಲಿ ತಂಡ ಮಾರಾಟವಾಯಿತು. ಕೊಂಡವರು ಅದನ್ನು ಮುಂದಿನ ವರ್ಷವೇ ದಕ್ಷಿಣದ ಒಂದು ಊರಿಗೆ, ಹೆದ್ದಾರಿ ಪಕ್ಕದ ಹೊಸ ಸ್ಟೇಡಿಯಂಗೆ ಒಯ್ಯುವವರು. ಸುದ್ದಿ ಬಂದ ದಿನ ವರ್ನಾ ನನ್ನನ್ನು ಸಾಕ್ಷಿಗೆಂದು ಎಳೆದುಕೊಂಡು ಪ್ರಾಸರ್‌ನ ಕಚೇರಿಗೆ ಹೋದಳು. ಅವನು ಎದ್ದು ನಿಂತು ಕುರ್ಚಿ ಕೊಟ್ಟ. ಅವಳು ಕೂರಲಿಲ್ಲ.

‘ಮಾರಾಟ ಏರಬೇಕು ಅಂದ್ರಿ. ಏರಿಸಿದೀವಿ. ಒಂದು ಕುರ್ಚಿ ಬಿಡದೆ ತಗೊಂಡಿದೀವಿ. ಇನ್ನೇನು ಬೇಕಿತ್ತು ನಿಮಗೆ?’

‘ಮಿಸೆಸ್ ಹೊಲುಬ್, ಅದು ನಿಮ್ಮಿಂದಲೇ ಆಗಿದ್ದು, ನಾವು ಯಾವತ್ತೂ ಮರೆಯಲ್ಲ’ ಎಂದ ಪ್ರಾಸರ್. ‘ಹೋದ ವರ್ಷ ಈ ತಂಡನ ಕೇಳೋರೇ ಇರಲಿಲ್ಲ. ಈ ಸಲ ಟಿಕೆಟ್ ಮಾರಾಟ ನೋಡಿ ಒಳ್ಳೆ ಬೆಲೆಗೆ ಹೋಯ್ತು.’

ಅವನ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಮನಃಪೂರ್ವಕವಾಗಿ ಉಪಕಾರ ಸ್ಮರಿಸುತ್ತಿದ್ದ. ವ್ಯಾಪಾರದಲ್ಲಿ ನಾನೂ ಅಂಥದನ್ನು ಮಾಡಿದ್ದೇನೆ. ಹಳೆಯ ದಾಸ್ತಾನನ್ನು ಮುಂದಿನ ಸಾಲಿನಲ್ಲಿಟ್ಟು ದೀಪ ಹಾಕಿದರೆ ಗಿರಾಕಿ ಸಿಗುತ್ತಾನೆ. ದೀಪದ ಎಣ್ಣೆಗೆ ಊರಿನ ಚರ್ಚುಗಳಲ್ಲಿ ಚಂದಾ ಎತ್ತುವ ಉಪಾಯ ಮಾತ್ರ ನನಗೆ ಹೊಳೆದಿರಲಿಲ್ಲ. ವರ್ನಾ ಹೊರಟಳು. ಕಚೇರಿಯಿಂದ ಹೊರಬರುವಾಗ ಹೊಸ್ತಿಲು ಎಡವಿದಳು. ಪ್ರಾಸರ್ ಓಡಿಬಂದು ತೋಳು ಹಿಡಿದ. ಅವಳು ಅವನಿಗೆ ಥ್ಯಾಂಕ್ಸ್ ಎಂದಳು.

ಕೊನೆಯ ಆಟ ಸೆಪ್ಟೆಂಬರಿನ ಒಂದು ಭಾನುವಾರ ಮಧ್ಯಾಹ್ನ. ಊರಿಗೆ ಊರೇ ಬಂತು. ತಂಡ ಹೋಗುತ್ತದೆ ಎಂದು ಗೊತ್ತಾದ ಮೇಲೆ ಎಲ್ಲರಿಗೂ ಅದರ ಮೇಲೆ ಪ್ರೀತಿ ಉಕ್ಕಿತ್ತು. ಫ್ರಿಜ್ಜಿನ ಬಾಗಿಲಿಂದ ಕಿತ್ತ ದಪ್ಪ ಕಾಗದಗಳನ್ನು ಹಿಡಿದು, ಅಮ್ಮಂದಿರು ಮಕ್ಕಳ ಕೈ ಹಿಡಿದು, ಬಾಗಿಲಿಂದ ನದಿಯ ಸೇತುವೆಯವರೆಗೆ ಸಾಲು. ಇಡೀ ಬೇಸಿಗೆಯಲ್ಲಿ ಕಾಲಿಡದವರು ಅವರು. ಚೀಲದ ನಿಯಮವನ್ನು ಬೈಯುವುದು ಗೊತ್ತಿತ್ತು, ಪಾಲಿಸಿ ಗೊತ್ತಿರಲಿಲ್ಲ. ಎಲ್ಲರ ಹೆಗಲಲ್ಲೂ ಬಟ್ಟೆಯ ಚೀಲ, ಚರ್ಮದ ಚೀಲ, ಮಗುವಿನ ಹಾಲಿನ ಚೀಲ. ಮೇಜಿನ ಹಿಂದೆ ವರ್ನಾ.

ನನ್ನ ಬಾಣಲೆ ಆ ದಿನ ಒಲೆಯಿಂದ ಇಳಿಯಲಿಲ್ಲ. ಆದ್ದರಿಂದ ನೋಡಿದ್ದು ಸ್ವಲ್ಪ, ಕೇಳಿದ್ದು ಹೆಚ್ಚು. ಚೀಲವನ್ನು ಕಾರಿನಲ್ಲಿಟ್ಟು ಬನ್ನಿ ಎಂದು ಅವಳು ಒಬ್ಬೊಬ್ಬರಿಗೂ ಹೇಳಿದಳು. ಕಾರು ಸೇತುವೆಯಾಚೆ. ಕೆಲವರು ಹೋಗಿ ಬಂದರು, ಹಲವರು ಹೋದವರು ಬರಲಿಲ್ಲ. ಮೊಣಕಾಲು ನೋವಿನ ಬರ್ನೀಸ್ ಸ್ಕಾಲಾ ಕಂದು ಚರ್ಮದ ಚೀಲವನ್ನು ಎದೆಗೊತ್ತಿಕೊಂಡು ಮೇಜಿನ ಮುಂದೆ ನಿಂತಳು.

‘ನೀನೇ ಮಾರಿದ್ದು, ಈಗ ನೀನೇ ತಡೀತೀಯ?’

ಉತ್ತರವಾಗಿ ವರ್ನಾ ನಿಯಮದ ಫಲಕವನ್ನು ತೋರಿಸಿದಳು.

‘ಬರಬೇಡ ಅಂದಿದ್ದೆಯಲ್ಲ ಅವತ್ತು’ ಎಂದಳು ಬರ್ನೀಸ್. ‘ನಿಜವಾಗಲೂ ಅಂದಿದ್ದು ಅಂತ ಗೊತ್ತಾಗಲಿಲ್ಲ ನನಗೆ.’ ಕುಂಟುತ್ತ ಹೊರಟು ಹೋದಳು.

ಒಳಗೆ ಹೋದವರಿಗೂ ಕೆಳಗೆ ಜಾಗ ಸಾಲಲಿಲ್ಲ. ಮೇಲಿನ ಹಗ್ಗ ಬಿಚ್ಚಲು ಕೆಲಸದವರಿರಲಿಲ್ಲ. ಪ್ರಾಸರ್‌ನ ಲೆಕ್ಕದಲ್ಲಿ ಆ ದಿನವೂ ಎಂದಿನಷ್ಟೇ ತಲೆಗಳು ಬರಬೇಕಿತ್ತು. ಜನ ಓಣಿಗಳಲ್ಲಿ ನಿಂತು ಆಟ ನೋಡಿದರು. ಏಳನೆಯ ಇನ್ನಿಂಗ್ಸಿನಲ್ಲಿ ಫಲಕ ಬೆಳಗಿತು. ಮಾರಿದ ಟಿಕೆಟ್ ಎಂದಿನಷ್ಟೇ ಆದ್ದರಿಂದ ಸಂಖ್ಯೆಯೂ ಎಂದಿನದೇ. ಅಷ್ಟೊಂದು ಜನ ಅದನ್ನು ನೋಡಿ ಚಪ್ಪಾಳೆ ತಟ್ಟಿದರಂತೆ, ತಾವು ಬಂದದ್ದಕ್ಕೇ ಅಷ್ಟಾಯಿತು ಎಂದು.

ಎಲ್ಲ ಮುಗಿದು ಬೀದಿ ಬರಿದಾದ ಮೇಲೆ ವರ್ನಾ ಅಂಗಡಿಗೆ ಬಂದಳು. ಇನ್ನೂ ಬಿಸಿಲಿತ್ತು. ನಾನು ಫೆರಿಮೆನ್ ಟೋಪಿಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದೆ; ಹೋದ ತಂಡದ ಟೋಪಿಗೆ ಎರಡು ವರ್ಷದ ಮೇಲೆ ಒಳ್ಳೆಯ ಬೇಡಿಕೆ ಬರುತ್ತದೆ. ಅವಳು ಬೆಂಚಿನ ಮೇಲೆ ಕೂತು ಶೂ ಬಿಚ್ಚಿ ಕಾಲು ತಿಕ್ಕಿಕೊಂಡಳು.

‘ಸಾರ್ಕಿಸ್, ಒಂದು ಕೇಳ್ತೀನಿ. ತಗೊಳ್ಳಿ ಅನ್ನೋ ಬದಲು ಬನ್ನಿ ಅಂದಿದ್ರೆ, ಬರ್ತಿದ್ರಾ?’

ಮೂವತ್ತು ವರ್ಷ ಅವರ ಮುಖ ನೋಡಿ ಸರಕು ತೂಗಿದವನು ನಾನು. ಉತ್ತರ ಗೊತ್ತಿತ್ತು. ಅವಳ ಕಾಲು ಊದಿಕೊಂಡಿತ್ತು.

‘ಬರ್ತಿದ್ರು’ ಎಂದೆ.

ಅವಳು ನನ್ನನ್ನೇ ನೋಡಿದಳು. ಬಸ್ಸಿನ ಕನ್ನಡಿಯಲ್ಲಿ ಹಿಂದಿನ ಸೀಟಿನ ಕಳ್ಳನನ್ನು ನೋಡುವ ನೋಟ ಅದು.

‘ಸುಳ್ಳು ಹೇಳೋಕೂ ಬರದೆ ಇಷ್ಟು ವರ್ಷ ಅಂಗಡಿ ಹೆಂಗೆ ನಡೆಸಿದೆಯೋ’ ಎಂದು ಶೂ ಹಾಕಿಕೊಂಡಳು, ಲೇಸು ಕಟ್ಟಿಕೊಳ್ಳದೆಯೇ ಮನೆಯ ಕಡೆ ನಡೆದಳು.