ವಾಲಿದ ಗೋಡೆಗೆ ದಾರ ಇಳಿಬಿಟ್ಟ ಸಾಯಿರಾ

ಬೈಲಹೊಂಗಲದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಚಹಾದಂಗಡಿಯ ಒಲೆಯೇ ಇನ್ನೂ ಹೊತ್ತಿಲ್ಲ, ಆಗಲೇ ಸಾಯಿರಾ ಅವರ ಅಂಗಡಿಯ ಶಟರ್ ಅರ್ಧ ಮೇಲೇರಿದೆ. ಒಳಗೆ ಎಂಟಡಿಗೆ ಆರಡಿ ಜಾಗ. ಒಂದು ಹಳೆಯ ಕಂಪ್ಯೂಟರ್, ಒಂದು ಪ್ರಿಂಟರ್, ಬಂದವರಿಗೆ ಎರಡು ಸ್ಟೂಲು. ಬಿಸ್ಮಿಲ್ಲಾ ಎಂದು ಸ್ವಿಚ್ ಒತ್ತುವ ಸಾಯಿರಾ ಕೂಡಲೇ ಕುರ್ಚಿಯಲ್ಲಿ ಕೂರುವುದಿಲ್ಲ. ಮಾನಿಟರಿನ ಪಕ್ಕದಲ್ಲಿ ಚಾವಣಿಯಿಂದ ಒಂದು ದಾರ ಇಳಿಬಿದ್ದಿದೆ. ಅದು ಅಲುಗಾಡುವುದನ್ನು ನಿಲ್ಲಿಸುವವರೆಗೆ ಕಾಯುತ್ತಾರೆ. ಆಮೇಲೆ ದಾರಕ್ಕೂ ಮಾನಿಟರಿನ ಅಂಚಿಗೂ ನಡುವಿನ ಸಂದನ್ನು ಮೇಲಿನಿಂದ ಕೆಳಗೆ ನೋಡುತ್ತಾರೆ. ಕೂದಲೆಳೆಯಷ್ಟು ಹೆಚ್ಚುಕಡಿಮೆ ಕಂಡರೂ ಬಾಗಿ, ಟೇಬಲ್ಲಿನ ಕಾಲಡಿ ಮಡಚಿದ ರಟ್ಟು ತುರುಕುತ್ತಾರೆ.

“ಟೇಬಲ್ಲ ಸೊಟ್ಟ ಇದ್ರ ನಾ ಮಾಡಿದ್ದೆಲ್ಲಾ ಸೊಟ್ಟ ಆಗತೈತ್ರಿ. ಮೊದಲ ನಮ್ಮ ಕಾಲಬುಡಕ ನೋಡ್ಕೋಬೇಕು, ಆಮ್ಯಾಲ ಮಂದೀದು” ಎನ್ನುತ್ತಾರೆ.

ದಾರದ ತುದಿಯಲ್ಲಿ ತೂಗುತ್ತಿರುವುದು ಕೀಲಿಕೈ ಕಳೆದುಹೋದ ಒಂದು ಹಿತ್ತಾಳೆ ಬೀಗ. ಅಲ್ಲಿರಬೇಕಾದದ್ದು ಅದಲ್ಲ. ಅಲ್ಲಿರಬೇಕಾದದ್ದು ಸಂಪಗಾಂವಕ್ಕೆ ಹೋಗಿ ಎರಡು ತಿಂಗಳಾಯಿತು, ಇನ್ನೂ ತಿರುಗಿ ಬಂದಿಲ್ಲ. ಅದರ ಕತೆಯೇ ಸಾಯಿರಾ ಅವರ ಕತೆ ಕೂಡ.

ಅಂಗಡಿಯ ಹೊರಗೆ ಕೈಬರಹದ ಫಲಕವಿದೆ: ‘ಸೊಟ್ಟ ಫೋಟೊ ನೆಟ್ಟಗೆ ಮಾಡಿಕೊಡಲಾಗುವುದು.’ ಇಂಥದ್ದೂ ಒಂದು ಕಸುಬೇ ಎಂದು ನಗುವವರು ಒಮ್ಮೆ ತಮ್ಮದೇ ಮೊಬೈಲು ತೆರೆದು ನೋಡಿಕೊಳ್ಳಬೇಕು. ಫೋಟೊ ತೆಗೆಯುವುದನ್ನು ನಾವೆಲ್ಲ ಕಲಿತೆವು, ಫೋನನ್ನು ಸಮನಾಗಿ ಹಿಡಿಯುವುದನ್ನು ಯಾರೂ ಕಲಿಯಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬಂತೆ ನಾವು ತೆಗೆದದ್ದು ನಮಗೆ ಚೆಂದವೇ. ಅದನ್ನು ಇನ್ನೊಬ್ಬರ ಮುಂದೆ ಇಡುವ ಹೊತ್ತು ಬಂದಾಗ ಮಾತ್ರ ಸಾಯಿರಾ ನೆನಪಾಗುತ್ತಾರೆ. ಕಿತ್ತೂರಿನ ಶಾಲೆಯೊಂದರಿಂದ ಬಂದ ಚಿತ್ರದಲ್ಲಿ ಕೋಟೆಯ ಮುಂದೆ ನಿಂತ ಅರವತ್ತು ಮಕ್ಕಳು ಒಟ್ಟಾಗಿ ಎಡಕ್ಕೆ ಜಾರಿಹೋಗುವಂತಿದ್ದಾರೆ. ರಾಮದುರ್ಗದ ಸೀರೆ ವ್ಯಾಪಾರಿ ಕಳಿಸಿದ ಚಿತ್ರಗಳಲ್ಲಿ ಸೀರೆಯಂಚಿನ ದಡಿ ಓರೆಯಾಗಿ ಓಡಿದೆ. “ದಡಿ ಸೊಟ್ಟ ಕಂಡ್ರ ನೇಯ್ಗಿನ ಸೊಟ್ಟ ಅಂತಾರ್ರಿ ಮಂದಿ. ಕ್ಯಾಮೆರಾದ ತಪ್ಪು ಮಗ್ಗದ ಮ್ಯಾಲ ಬರತೈತಿ” ಎನ್ನುತ್ತ ಮೌಸ್ ಹಿಡಿಯುತ್ತಾರೆ.

ಅವರ ಸಾಫ್ಟ್‌ವೇರ್ ದೊಡ್ಡ ಸ್ಟುಡಿಯೊಗಳವರು ವರ್ಷ ವರ್ಷ ಬಾಡಿಗೆ ಕಟ್ಟುವಂಥದ್ದಲ್ಲ. ಒಂದೇ ಸಲ ಕೊಂಡದ್ದು, ಬೆಲೆ ಹಬ್ಬಕ್ಕೆ ಕೊಳ್ಳುವ ಒಂದು ಸಾದಾ ಸೀರೆಯಷ್ಟು. ಚಿತ್ರದಲ್ಲಿ ನೆಟ್ಟಗಿರಲೇಬೇಕಾದ ಒಂದು ವಸ್ತುವನ್ನು ಹುಡುಕಿ, ಅದರ ಗುಂಟ ಗೆರೆ ಎಳೆದರೆ ಅದು ಇಡೀ ಚಿತ್ರವನ್ನು ಅಷ್ಟೇ ತಿರುಗಿಸುತ್ತದೆ. ತಿರುಗಿದಾಗ ಹೊರಗೆ ಚಾಚುವ ಮೂಲೆಗಳನ್ನು ಕತ್ತರಿಸಿದರೆ ಕೆಲಸ ಮುಗಿಯಿತು. ತಾನೇ ನೆಟ್ಟಗೆ ಮಾಡುವ ಗುಂಡಿಯೂ ಅದರಲ್ಲಿದೆ. ಸಾಯಿರಾ ಅದನ್ನು ಮುಟ್ಟುವುದಿಲ್ಲ.

ದಿನಕ್ಕೆ ನಲವತ್ತು ಚಿತ್ರ, ಲಗ್ನದ ಹಂಗಾಮಿನಲ್ಲಿ ಮುನ್ನೂರು. ಇಪ್ಪತ್ತು ವರ್ಷಗಳಲ್ಲಿ ಕಣ್ಣು ಎಷ್ಟು ಪಳಗಿದೆಯೆಂದರೆ, ಚಿತ್ರ ನೋಡಿ ತೆಗೆದವರ ಹೆಸರು ಹೇಳುತ್ತಾರೆ. ಸವದತ್ತಿಯ ಲಗ್ನದ ಫೋಟೊಗ್ರಾಫರ್ ಸಂದೀಪನ ಚಿತ್ರಗಳೆಲ್ಲ ಬಲಕ್ಕೆ ಎರಡು ಡಿಗ್ರಿ ವಾಲಿರುತ್ತವೆ. ಕೇಳಿದರೆ ಮಂಟಪದ ನೆಲವೇ ಸರಿಯಿರಲಿಲ್ಲ ಎನ್ನುತ್ತಾನಂತೆ. “ಕುಣಿಲಾರದಾಕಿ ನೆಲ ಡೊಂಕು ಅಂದಳಂತ. ಎಲ್ಲಾ ಊರಾಗೂ ನೆಲ ಬಲಕ್ಕ ಎರಡ ಡಿಗ್ರಿ ಡೊಂಕು ಇರತೈತೇನ್ರಿ?” ಸಾಯಿರಾ ನಗುತ್ತಾರೆ. ಸಂದೀಪನ ಆಲ್ಬಮ್ಮುಗಳಿಗೆ ಬಹುಮಾನ ಬಂದಿದೆ. ಎರಡು ಡಿಗ್ರಿಯ ಗುಟ್ಟು ಈ ಅಂಗಡಿಯಿಂದ ಆಚೆ ಹೋಗಿಲ್ಲ.

ಅವರ ತಂದೆ ಮೆಹಬೂಬಸಾಬ ಗವಂಡಿ. ಬೈಲಹೊಂಗಲದ ಸುತ್ತಿನ ಊರುಗಳಲ್ಲಿ ಐವತ್ತು ವರ್ಷ ಗೋಡೆ ಕಟ್ಟಿದವರು. ಈಗ ಎಂಬತ್ತರ ವಯಸ್ಸು, ಕಣ್ಣಿಗೆ ಮಂಜು ಕವಿದಿದೆ. ಪಿಯುಸಿ ಮುಗಿಸಿದ ಮಗಳು ಊರಿನ ಸ್ಟುಡಿಯೊ ಒಂದರಲ್ಲಿ ಕಸ ಗುಡಿಸಲು ಸೇರಿದರು, ನೋಡುತ್ತ ನೋಡುತ್ತ ಫೋಟೊ ತಿದ್ದಲು ಕಲಿತರು. ಎಲ್ಲರ ಕೈಗೂ ಮೊಬೈಲು ಬಂದು ಸ್ಟುಡಿಯೊ ಮುಚ್ಚಿತು. ಮಾಲೀಕರು ಸಂಬಳದ ಬದಲು ಹಳೆಯ ಕಂಪ್ಯೂಟರ್ ಕೊಟ್ಟು ಕೈ ತೊಳೆದುಕೊಂಡರು. ಹೊಸ ಅಂಗಡಿ ತೆರೆದ ದಿನ ಮೆಹಬೂಬಸಾಬ ಮಗಳ ಕೈಗೆ ತಮ್ಮ ಒಳಂಬ ಇಟ್ಟರು. ಒಳಂಬವೆಂದರೆ ದಾರಕ್ಕೆ ಕಟ್ಟಿದ ಕಬ್ಬಿಣದ ತೂಗುಗುಂಡು. ಗೋಡೆ ನೆಟ್ಟಗೆ ಏಳುತ್ತಿದೆಯೋ ಇಲ್ಲವೋ ಎಂದು ಗವಂಡಿಗಳು ನೋಡುವುದು ಅದರಿಂದಲೇ. ಅವರ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿದೆ: ಗಾರೆ ಹಚ್ಚುವ ಕರಣಿ ಎರವಲು ಕೊಡಬಹುದು, ಸುತ್ತಿಗೆ ಕೊಡಬಹುದು, ಒಳಂಬವನ್ನು ಮಾತ್ರ ಇನ್ನೊಬ್ಬ ಗವಂಡಿಯ ಕೈಗೆ ಕೊಡುವಂತಿಲ್ಲ.

ಎರವಲು ಕೊಡುವ ಪ್ರಸಂಗ ಬಂದದ್ದು ಸಾಯಿರಾ ಮಾಡಿದ ಒಂದು ತಪ್ಪಿನಿಂದ.

ಕಳೆದ ಶ್ರಾವಣದ ಮಳೆಗೆ ಸಂಪಗಾಂವದ ದೇವಕ್ಕನ ಮನೆಯ ಮಣ್ಣಿನ ಗೋಡೆ ಹೊರಕ್ಕೆ ವಾಲಿತು. ದೇವಕ್ಕ, ಸೊಸೆ ಮಂಜುಳಾ ಮತ್ತು ಎಂಟು ತಿಂಗಳ ಕೂಸು ಪಕ್ಕದ ಮನೆಯ ಪಡಸಾಲೆಯಲ್ಲಿ ಮಲಗತೊಡಗಿದರು. ಮನೆ ರಿಪೇರಿಯ ನೆರವಿಗೆ ಅರ್ಜಿ ಹಾಕಬೇಕಿತ್ತು, ಅರ್ಜಿಗೆ ಫೋಟೊ ಬೇಕಿತ್ತು. ಫೋಟೊ ನೋಡಿ ಪಟ್ಟಿ, ಪಟ್ಟಿಯಲ್ಲಿದ್ದ ಮನೆಗಳಿಗೆ ಮಾತ್ರ ಇಂಜಿನಿಯರ್ ಭೇಟಿ. ಮಂಜುಳಾ ಕಂಕುಳಲ್ಲಿ ಕೂಸು ಇಟ್ಟುಕೊಂಡು ಒಂದೇ ಕೈಯಲ್ಲಿ ತೆಗೆದ ಚಿತ್ರವನ್ನು ದೇವಕ್ಕ ಸಾಯಿರಾ ಬಳಿ ತಂದರು. ಎಲ್ಲವೂ ಸೊಟ್ಟಗಿದ್ದ ಚಿತ್ರ. ಅಂದು ಅಂಗಡಿಯಲ್ಲಿ ಹತ್ತು ಮಂದಿ. ಸಾಯಿರಾ ಎಂದಿನಂತೆ ನೆಟ್ಟಗಿರಬೇಕಾದ ವಸ್ತುವಿಗಾಗಿ ಹುಡುಕಿದರು. ಕಣ್ಣಿಗೆ ಮೊದಲು ಬಿದ್ದದ್ದು ಗೋಡೆಯ ಅಂಚು.

“ಗವಂಡಿ ಮಗಳಲ್ಲರಿ, ಗ್ವಾಡಿ ಅಂದ್ರ ನೆಟ್ಟಗ ಇರತೈತಿ ಅಂತ ಕೈಯಾಗ ಕುಂತಬಿಟ್ಟೈತಿ. ಗ್ವಾಡಿ ಗುಂಟ ಗೆರಿ ಎಳದೆ. ಕಟ್ಟಿ ಮ್ಯಾಲಿನ ಕೊಡ ಉರುಳಿ ಬೀಳೂ ಹಂಗ ಕಾಣತು. ಚಂದ ಕಾಣವಲ್ದು ಅಂತ ಅದನ್ನ ಕತ್ತರಿಸಿ ಒಗದೆ. ಆ ಕೊಡಾನ ಖರೇ ಹೇಳಾಕ ಹತ್ತಿತ್ರಿ. ನಾ ಕೇಳಲಿಲ್ಲ.”

ಅಚ್ಚಾಗಿ ಬಂದ ಚಿತ್ರದಲ್ಲಿ ಗೋಡೆ ಸಿಪಾಯಿಯಂತೆ ನಿಂತಿತ್ತು. ಪಟ್ಟಿಯಲ್ಲಿ ದೇವಕ್ಕನ ಹೆಸರು ಬರಲಿಲ್ಲ. ಕಚೇರಿಯವರನ್ನು ಬೈಯುವುದು ಸುಲಭವಿತ್ತು, ಸಾಯಿರಾ ಬೈಯಲಿಲ್ಲ. ಚಿತ್ರದಲ್ಲಿ ಕಂಡದ್ದನ್ನು ಕಚೇರಿಯವರು ನಂಬಿದ್ದರು, ಅಷ್ಟೇ. ಹದಿನೈದು ದಿನದ ಮೇಲೆ ದೇವಕ್ಕ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಒಂದೇ ಮಾತು ಹೇಳಿದರು: “ಯವ್ವಾ, ಫೋಟೊದಾಗ ನೀ ನನ್ನ ಗ್ವಾಡಿ ನಿಲ್ಲಿಸಿ ಕೊಟ್ಟಿ. ಊರಾಗ ಅದು ಇನ್ನೂ ವಾಲೇ ಐತಲ್ಲ.”

“ಆಕಿ ಬೈದಿದ್ರ ಚಲೋ ಇತ್ರಿ. ಬೈಲಿಲ್ಲ.” ಎನ್ನುವಾಗ ಇಂದಿಗೂ ಸಾಯಿರಾ ಅವರ ದನಿ ತಗ್ಗುತ್ತದೆ. ಯಾರದೋ ಮನೆಯ ಮೇಲೆ ತನ್ನ ಕೈಯಾರೆ ಕಲ್ಲು ಹಾಕಿದೆನೆಂಬ ಸಂಕಟ ಅದು. ಎರಡನೆಯ ಪಟ್ಟಿಗೆ ಮತ್ತೆ ಅರ್ಜಿ ಹಾಕಲು ಇನ್ನು ಒಂದು ವಾರದ ಅವಕಾಶವಷ್ಟೇ ಉಳಿದಿತ್ತು.

ಮರುದಿನ ಅಂಗಡಿ ಮುಚ್ಚಿ, ದಾರದಿಂದ ಒಳಂಬ ಬಿಚ್ಚಿಕೊಂಡು ಮೊದಲ ಬಸ್ಸಿಗೆ ಸಂಪಗಾಂವಕ್ಕೆ ಹೋದರು. ದೇವಕ್ಕನ ಮನೆಯ ಸೂರಿನ ತೊಲೆಗೆ ಮೊಳೆ ಹೊಡೆದು, ಗುಂಡನ್ನು ನೆಲದವರೆಗೆ ಇಳಿಬಿಟ್ಟರು. ಮೇಲ್ಗಡೆ ದಾರ ಗೋಡೆಗೆ ತಾಗಿತ್ತು, ಕೆಳಗೆ ಒಂದು ಗೇಣು ದೂರ ನಿಂತಿತ್ತು. ಸಾಯಿರಾ ಗೋಡೆಯನ್ನೂ ದಾರವನ್ನೂ ಕಟ್ಟೆಯ ಮೇಲಿನ ಕೊಡವನ್ನೂ ಸೇರಿಸಿ ಚಿತ್ರ ತೆಗೆದರು. ಅಂಗಡಿಗೆ ಬಂದು ಈ ಸಲ ಗೆರೆ ಎಳೆದದ್ದು ದಾರದ ಗುಂಟ. ದಾರ ನೆಟ್ಟಗಾಯಿತು, ಗೋಡೆ ಎಷ್ಟು ವಾಲಿತ್ತೋ ಅಷ್ಟೇ ವಾಲಿ ನಿಂತಿತು. ಒಂದು ಕೂದಲು ಹೆಚ್ಚಲ್ಲ, ಒಂದು ಕೂದಲು ಕಡಿಮೆಯಲ್ಲ. ಎರಡನೆಯ ಪಟ್ಟಿಯಲ್ಲಿ ದೇವಕ್ಕನ ಹೆಸರು ಬಂತು. ಇಂಜಿನಿಯರ್ ಬಂದು ನೋಡಿ ಹೋದರು, ಗೋಡೆ ಇಳಿಸಿ ಹೊಸದು ಕಟ್ಟಲು ಮಂಜೂರಾತಿಯೂ ಸಿಕ್ಕಿತು.

ದೀಪಾವಳಿ ಕಳೆದು ಕೆಲಸ ಶುರುವಾಗುವಾಗ ದೇವಕ್ಕ ಮತ್ತೆ ಬಂದರು. ಹೊಸ ಗೋಡೆಗೆ ಅದೇ ಒಳಂಬ ಬೇಕೆಂದು ಹಟ. ಊರಿನ ಗವಂಡಿ ಗಂಗಪ್ಪನಿಗೆ ಸಿಟ್ಟು: “ನನ್ನ ಗುಂಡೇನ ರೊಟ್ಟಿ ಹಿಟ್ಟೀಲೆ ಮಾಡಿದ್ದೇನ?” ದೇವಕ್ಕ ಜಗ್ಗಲಿಲ್ಲ. ತನ್ನ ಪರವಾಗಿ ಸಾಕ್ಷಿ ಹೇಳಿದ್ದು ಆ ಗುಂಡು, ಅದರ ಮೇಲೆಯೇ ತನಗೆ ನಂಬಿಕೆ ಎಂದರು. ಸಾಯಿರಾ ಅಳುಕುತ್ತಲೇ ತಂದೆಯನ್ನು ಕೇಳಿದರು. ಐವತ್ತು ವರ್ಷ ಯಾರಿಗೂ ಕೊಡದ ಮೆಹಬೂಬಸಾಬ ಈ ಸಲ ಒಪ್ಪಿದರು: “ನೀ ಕೆಡಿಸಿದ ಗ್ವಾಡಿ ಅದು. ನಮ್ಮ ಗುಂಡಿನಿಂದನ ಏಳಲಿ. ಒಯ್ದ ಕೊಡು.”

ಅಂದಿನಿಂದ ಅಂಗಡಿಯ ದಾರಕ್ಕೆ ಬೀಗ. ಅಂದಿನಿಂದ ಇನ್ನೊಂದು ರೂಢಿಯೂ ಬಂದಿದೆ. ಯಾರೇ ಸೊಟ್ಟ ಫೋಟೊ ತಂದರೂ ಮೌಸ್ ಮುಟ್ಟುವ ಮೊದಲು ಸಾಯಿರಾ ಕೇಳುತ್ತಾರೆ: “ಸೊಟ್ಟ ಆಗಿದ್ದು ಫೋಟೊ ಅಷ್ಟನೋ, ಒಳಗಿಂದೂ ಸೊಟ್ಟ ಐತೋ?” ಚಚಡಿಯ ಅಜ್ಜನೊಬ್ಬ ಇದನ್ನು ಕೇಳಿ, ತನ್ನ ಹೆಗಲು ಮೊದಲಿನಿಂದಲೂ ಒಂದು ಕಡೆ ಇಳಿದಿದೆ, ಅದನ್ನು ಹಾಗೇ ಬಿಡಬೇಕು ಎಂದನಂತೆ. ಹಾಗೇ ಬಿಟ್ಟರು.

ಇಂದು ಬೆಳಕು ಹರಿಯುವ ಹೊತ್ತಿಗೆ ಸಂಪಗಾಂವದ ಬಸ್ಸು ಬಂದು ನಿಲ್ಲುತ್ತದೆ. ಶಟರಿನಡಿ ಬಾಗಿ ಒಳಗೆ ಬಂದ ದೇವಕ್ಕ ಸೆರಗಿನ ಗಂಟು ಬಿಚ್ಚಿ ಒಳಂಬವನ್ನು ಟೇಬಲ್ಲಿನ ಮೇಲಿಡುತ್ತಾರೆ. ಎಣ್ಣೆ ಹಚ್ಚಿ ಒರೆಸಿದ್ದಾರೆ. ಆಮೇಲೆ ಮೊಬೈಲು ಮುಂದೆ ಹಿಡಿಯುತ್ತಾರೆ. ಹೊಸ ಗೋಡೆ, ಅದರ ಮುಂದೆ ಕೂಸು. ತೆಗೆದವಳು ಮಂಜುಳಾ ಎಂದು ಬೇರೆ ಹೇಳಬೇಕಿಲ್ಲ, ಎಲ್ಲವೂ ಸೊಟ್ಟ.

ಸಾಯಿರಾ ಮೌಸಿನಿಂದ ಕೈ ಹಿಂದಕ್ಕೆ ತೆಗೆಯುತ್ತಾರೆ. “ಗ್ವಾಡಿ ನೆಟ್ಟಗೈತೇನ್ರಿ ದೇವಕ್ಕ?”

“ಗಂಗಪ್ಪ ಮೂರ ಸಲ ಗುಂಡ ಬಿಟ್ಟ ನೋಡ್ಯಾನ. ನಾ ನಾಕನೇ ಸಲ ನೋಡೇನಿ. ದಾರ ಗ್ವಾಡಿ ಬಿಟ್ಟ ಅಲಗಾಡಂಗಿಲ್ಲ. ನೀ ಎಳಿಯವ್ವಾ ಗೆರಿ.”

ಸಾಯಿರಾ ಬೀಗ ಬಿಚ್ಚಿ ಒಳಂಬ ಕಟ್ಟುತ್ತಾರೆ. ಗೋಡೆಯ ಅಂಚಿನ ಗುಂಟ ಗೆರೆ ಎಳೆಯುತ್ತಾರೆ. ಚಿತ್ರ ಮೂರೂವರೆ ಡಿಗ್ರಿ ತಿರುಗಿ ನಿಲ್ಲುತ್ತದೆ. ಗುಂಡು ಅಲುಗಾಡಿ ಅಲುಗಾಡಿ ಕೊನೆಗೆ ಸುಮ್ಮನಾಗುತ್ತದೆ. ಪರದೆಯ ಮೇಲಿನ ಗೋಡೆ, ಪರದೆಯ ಪಕ್ಕದ ದಾರ, ಎರಡೂ ಒಂದೇ. ದೇವಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಸಾಯಿರಾ ಮೊಬೈಲು ಎತ್ತಿ ಮನೆಯಲ್ಲಿರುವ ತಂದೆಗೆ ಫೋನು ಮಾಡುತ್ತಾರೆ.

“ಅಬ್ಬಾ, ನಿಮ್ಮ ಗುಂಡ ಬಂತು. ಗ್ವಾಡಿ ನೆಟ್ಟಗ ನಿಂತೈತಿ.”

“ಫೋಟೊ?” ಎನ್ನುತ್ತದೆ ಆಚೆಯ ಮುದಿ ದನಿ.

“ಗ್ವಾಡಿ ಹೆಂಗೈತೋ ಹಂಗ ಐತಿ, ಅಬ್ಬಾ.”