ಕುಣಿಗಲ್ಲಿಗೆ ಹೊತ್ತೊಯ್ದ ನೇರಳೆ ಬೆಳಕು

ಎಂಬತ್ತರ ದಶಕದ ಒಂದು ಬೇಸಿಗೆಯ ಬೆಳಿಗ್ಗೆ. ತುಮಕೂರಿನ ಸತ್ಯಮಂಗಲದ ನಮ್ಮ ವರ್ಕ್‌ಶಾಪಿನಿಂದ ಹೊರಟು ಬಸ್ಸಿನಲ್ಲಿ ಕೂತಾಗ ತೊಡೆಯ ಮೇಲೆ ಹತ್ತಿ ಸುತ್ತಿದ ಗಾಜಿನ ಜಾಡಿ, ಕಾಲ ಬಳಿ ಪಂಪು, ವೋಲ್ಟೇಜ್ ಏರಿಸುವ ಕಾಯಿಲ್. ಜಾಡಿಯೊಳಗಿನ ಗಾಳಿ ಎಳೆದು ಹೈ ವೋಲ್ಟೇಜ್ ಕೊಟ್ಟರೆ ಉಳಿದ ಚೂರು ಗಾಳಿ ಪ್ಲಾಸ್ಮಾ ಆಗಿ ನೇರಳೆ ಬಣ್ಣಕ್ಕೆ ಬೆಳಗುತ್ತದೆ. ಅದರಲ್ಲಿಟ್ಟ ಸಾಮಾನಿನ ಮೇಲಿನ ಕ್ರಿಮಿಗಳು ಬಿಸಿಯಿಲ್ಲದೆಯೇ ಸಾಯುತ್ತವೆ. ಇದನ್ನು ಲ್ಯಾಬಿನಲ್ಲಷ್ಟೇ ನೋಡಿದ್ದೆ, ರೋಗಿಗಳಿಗೆಂದು ಬಳಸಿರಲಿಲ್ಲ.

ಕುಣಿಗಲ್ಲಿನ ಸಣ್ಣ ನರ್ಸಿಂಗ್ ಹೋಮಿನಲ್ಲಿ ತಂಗಿ ಗಿರಿಜೆ ಮಲಗಿದ್ದಳು. ಹೊಟ್ಟೆಯೊಳಗೆ ಕೀವು. ಅದನ್ನು ಹೊರಗೆ ಹರಿಸುವ ಪ್ಲಾಸ್ಟಿಕ್ ಕೊಳವೆ ಕುದಿಸಿದರೆ ಮುದುಡಿಹೋಗುತ್ತಿತ್ತು. ಡಾಕ್ಟರು ನನ್ನ ಗೆಳೆಯ. ಮೆಷಿನ್ ತಂದುಬಿಡು ಎಂದು ಹೇಳಿಕಳಿಸಿದ್ದ. ಕೊಳವೆಯಲ್ಲಿ ಒಂದು ಕ್ರಿಮಿ ಉಳಿದರೂ ಗಿರಿಜೆ ಉಳಿಯಲಾರಳೆಂದು ನನಗೆ ಜೀವ ಹಾರಿಹೋಗಿತ್ತು.

ಅಮ್ಮನನ್ನು ಕರೆದುಕೊಳ್ಳಲು ಮೊದಲು ಗುಬ್ಬಿಗೆ ಹೋದೆ. ಇಪ್ಪತ್ತು ಕಿಲೋಮೀಟರ್ ದಾರಿ. ಅಮ್ಮ ಕೊಟ್ಟ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಯನ್ನು ಅವಸರದಲ್ಲಿ ತಿಂದೆ. ಕೈ ತೊಳೆಯಲು ಹಿತ್ತಲಿಗೆ ಹೋಗಿ ಬಂದಾಗ ಅವಳು ಜಾಡಿ ಸಮೇತ ಸಾಮಾನನ್ನೆಲ್ಲ ಗಂಟು ಕಟ್ಟಿ ಬಾಗಿಲಲ್ಲಿ ನಿಂತಿದ್ದಳು.

ತುಮಕೂರಿಗೆ ವಾಪಸು ಬಂದು ಹೆಬ್ಬೂರಿನ ಮೇಲೆ ಹೋಗುವ ಬಸ್ಸು ಹತ್ತಿದೆವು. ಕಂಡಕ್ಟರು ಲಗೇಜು ಟಿಕೆಟ್ ಹರಿಯುತ್ತ, ಬಾಂಬು ಗೀಂಬು ಅಲ್ಲ ತಾನೆ ಎಂದು ತಮಾಷೆ ಮಾಡಿದ. ನನಗೆ ನಗು ಬರಲಿಲ್ಲ. ಪ್ರತಿ ಗುಂಡಿಗೂ ಜಾಡಿಯನ್ನು ಅವುಚಿಕೊಂಡೆ.

ಕುಣಿಗಲ್ಲಿನಲ್ಲಿ ಕೊಳವೆಯನ್ನು ಜಾಡಿಯೊಳಗಿಟ್ಟು ಸ್ವಿಚ್ ಒತ್ತಿದೆ. ಬೆಳಕೇನೋ ಬಂತು, ಆದರೆ ತೀರ ಪೇಲವ. ಬಂತಲ್ಲ, ಸಾಕು ಎಂದು ಡಾಕ್ಟರು ಕೈಗವಸು ತೊಟ್ಟ. ಪೇಲವ ಬೆಳಕಿಗೆ ಕ್ರಿಮಿ ಪೂರ್ತಿ ಸಾಯುವುದಿಲ್ಲವೆಂದು ನಾನು ಅವನನ್ನು ತಡೆದು, ಎಲ್ಲ ಆಫ್ ಮಾಡಿ ಜಾಡಿಯ ಅಂಚು ಸವರಿದೆ. ಬೆರಳಿಗೆ ಅರಿಶಿನ ಹತ್ತಿತು. ಮುಚ್ಚಳದ ರಬ್ಬರು ಕೂರದೆ ಅಲ್ಲಿಂದ ಗಾಳಿ ನುಗ್ಗುತ್ತಿತ್ತು.

ಅಮ್ಮನನ್ನು ಕೇಳಿದೆ.

"ಜಾಡಿ ಬಾಯಿ ಬಾಗ್ಲು ಇದ್ದಂಗೆ ಇತ್ತಲ್ಲಪ್ಪ, ಹೊಸ್ತಿಲಿಗೆ ಇಡೋ ಹಂಗೆ ಅರಿಶಿನ ಕುಂಕುಮ ಇಟ್ಟೆ. ಬರಿದಾಗಿ ತಗೊಂಡ್ ಹೋಗ್ಬಾರ್ದು ಕಣೋ."

ಸ್ಪಿರಿಟ್ಟಿನಿಂದ ಒರೆಸಿ ಮತ್ತೆ ನಡೆಸಿದೆ. ಈ ಸಲ ಜಾಡಿ ತುಂಬ ಗಾಢ ನೇರಳೆ. ಕೊಳವೆ ಗಿರಿಜೆಯ ಹೊಟ್ಟೆಗೆ ಹೋಯಿತು. ಆಮೇಲಿನ ದಿನಗಳಲ್ಲಿ ಅವಳ ಹಣೆ ಮುಟ್ಟಿ ನೋಡುವುದೇ ನನ್ನ ಕೆಲಸವಾಯಿತು. ಎಷ್ಟು ಸಲ ಮುಟ್ತೀಯೋ ಎಂದು ಅವಳೇ ಛೇಡಿಸಿದಳು. ಕೊನೆಗೂ ಜ್ವರ ಬಿಟ್ಟಿತು.

ಹೊರಡುವ ದಿನ ಸಂಜೆಗೆ ಇನ್ನೊಬ್ಬ ಹೆಂಗಸಿನ ಆಪರೇಷನ್ ಇತ್ತು. ಮೆಷಿನ್ ಇಲ್ಲೇ ಇರಲಿ ಎಂದು ಡಾಕ್ಟರು ಹಟ ಹಿಡಿದ. ಅದನ್ನು ನಡೆಸುವುದನ್ನು ನರ್ಸಿಗೆ ಹೇಳಿಕೊಟ್ಟು, ಗಿರಿಜೆಯನ್ನೂ ಅಮ್ಮನನ್ನೂ ಬಸ್ಸು ಹತ್ತಿಸಿ ನಾನೂ ಹತ್ತಿದೆ. ಬಸ್ಸು ನರ್ಸಿಂಗ್ ಹೋಮಿನ ಮುಂದೆ ಹಾಯುವಾಗ ತಿರುಗಿ ನೋಡಿದೆ. ಕಿಟಕಿಯಲ್ಲಿ ನೇರಳೆ ಬೆಳಕಿತ್ತು. ಅದು ಗಾಢವೋ ಪೇಲವವೋ ರಸ್ತೆಯಿಂದ ತಿಳಿಯಲಿಲ್ಲ. ಪೇಲವವಿದ್ದರೂ ಸಾಕೆಂದು ಡಾಕ್ಟರು ಆ ಹೆಂಗಸಿಗೆ ಕೊಳವೆ ಹಾಕಿಬಿಟ್ಟರೆ?

"ಹೋಲ್ಡಾನ್" ಎಂದು ಬಸ್ಸು ನಿಲ್ಲಿಸಲು ಕಂಡಕ್ಟರಿಗೆ ಕಾಯದೆ ನಾನೇ ಕೂಗಿದೆ. ಅಮ್ಮ ತೋಳು ಹಿಡಿದು ಎಳೆದಳು. ಬಿಡಿಸಿಕೊಂಡು ಇಳಿದು ವಾಪಸು ಓಡಿದೆ.